ರೊಟ್ಟಿ ಮಾರುವ ಮನೆಗೆ ಯಾವ ಕಂಪ್ಯೂಟರ್ ಕೋರ್ಸ್?

ಪ್ರಶ್ನೆ: ನಾನು ಗದಗ ಜಿಲ್ಲೆಯವಳು. ವಯಸ್ಸು 26, ಬಿ.ಎ. ಮುಗಿದಿದೆ. ನಮ್ಮ ಅತ್ತೆ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಹಪ್ಪಳ ಮಾಡಿಸಿ ಮಾರುತ್ತಾರೆ. ಆರು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಹುಬ್ಬಳ್ಳಿ, ಬೆಂಗಳೂರಿಗೆ ಬಸ್ಸಿನಲ್ಲಿ ಪಾರ್ಸೆಲ್ ಹೋಗುತ್ತದೆ. ಈಗ ಪುಣೆಯವರೂ ಕೇಳುತ್ತಿದ್ದಾರೆ. ಲೆಕ್ಕ ನೋಡುವ ಕೆಲಸ ನನಗೆ ಬಂದಿದೆ. ನಮ್ಮೂರ ಕಂಪ್ಯೂಟರ್ ಸೆಂಟರಿನವರು ಡಿಸಿಎ (ಕಂಪ್ಯೂಟರ್ ಡಿಪ್ಲೊಮಾ) ಜೊತೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಆರು ತಿಂಗಳು, 14,000 ರೂಪಾಯಿ ಎನ್ನುತ್ತಾರೆ. ಕೆಲವರು ಐಟಿಐನಲ್ಲಿ ಕೋಪಾ ಎಂಬ ಕಂಪ್ಯೂಟರ್ ಕೋರ್ಸ್ ಮಾಡು ಅಂತಾರೆ. ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಪುಕ್ಕಟೆ ತರಬೇತಿ ಇದೆ ಎಂದೂ ಕೇಳಿದೆ. ಯಾವ ಸರ್ಟಿಫಿಕೇಟ್ ಇದ್ದರೆ ಬ್ಯಾಂಕಿನವರು ಸಾಲ ಕೊಡುತ್ತಾರೆ? ಎಸ್ಸೆಸ್ಸೆಲ್ಸಿ ಮುಗಿಸಿದ ಮೈದುನನಿಗೂ ಒಂದು ದಾರಿ ಹೇಳಿ ಸರ್.

ಉತ್ತರ: ಸಾಲದ ಮಾತು ಮೊದಲು ಮುಗಿಸೋಣ, ಯಾಕೆಂದರೆ ಸೆಂಟರಿನವರು ಕೋರ್ಸ್ ಮಾರುವುದೇ ಆ ಆಸೆ ತೋರಿಸಿ. ಕಂಪ್ಯೂಟರ್ ಸರ್ಟಿಫಿಕೇಟ್ ನೋಡಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಮ್ಯಾನೇಜರ್ ಕೇಳುವುದು ಬೇರೆ: ಖಾತೆಯ ಸ್ಟೇಟ್‌ಮೆಂಟ್, ಸಿಬಿಲ್ ಸ್ಕೋರ್ (ಹಳೆಯ ಸಾಲ ಹೇಗೆ ತೀರಿಸಿದ್ದೀರಿ ಎಂಬುದರ ಅಂಕ), ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಕೊಳ್ಳಬೇಕಾದ ಯಂತ್ರದ ಕೊಟೇಶನ್, ಮತ್ತು ವ್ಯಾಪಾರ ಎಷ್ಟು, ಉಳಿಯುವುದು ಎಷ್ಟು ಎಂಬ ಲೆಕ್ಕ. ಈ ಕೊನೆಯದನ್ನು ನೀವೇ ಮಾಡಿ ತೋರಿಸುವಷ್ಟು ಕಲಿತರೆ ಕೋರ್ಸಿಗೆ ಕೊಟ್ಟ ದುಡ್ಡು ಹುಟ್ಟಿತು. ಬರೀ ಗೋಡೆಗೆ ತೂಗು ಹಾಕಲು ಬೇಕಾದರೆ 14,000 ಜಾಸ್ತಿಯಾಯಿತು.

ತರಬೇತಿ ಪತ್ರಕ್ಕೆ ಬೆಲೆ ಇರುವ ಜಾಗ ಒಂದಿದೆ, ಅದನ್ನೂ ಹೇಳುತ್ತೇನೆ. ಸ್ವಂತ ಉದ್ಯಮಕ್ಕೆ ಸಾಲ, ಸಬ್ಸಿಡಿ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಸಬ್ಸಿಡಿ ಬರಬೇಕಾದರೆ ಸಾಮಾನ್ಯವಾಗಿ ಉದ್ಯಮಶೀಲತೆ ತರಬೇತಿ ಮುಗಿಸಿರಬೇಕು. ಇದು ಕಂಪ್ಯೂಟರ್ ಕೋರ್ಸ್ ಅಲ್ಲ, ವ್ಯಾಪಾರ ನಡೆಸುವ ತರಬೇತಿ. ಆದರೆ ಆ ಯೋಜನೆ ಹೊಸ ಘಟಕಕ್ಕೆ ಮಾತ್ರ. ನಿಮ್ಮ ಅತ್ತೆಯವರದು ಆಗಲೇ ನಡೆಯುತ್ತಿರುವ ವ್ಯಾಪಾರ. ನಿಮಗೆ ಹತ್ತಿರವಾದದ್ದು ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆ. ನಡೆಯುತ್ತಿರುವ ಘಟಕಕ್ಕೂ ಅದರಲ್ಲಿ ಅವಕಾಶ ಇಟ್ಟಿದ್ದರು. 35 ಪರ್ಸೆಂಟ್ ಸಬ್ಸಿಡಿಯ ಮೇಲೆ ಕರ್ನಾಟಕ ಸರ್ಕಾರ 15 ಪರ್ಸೆಂಟ್ ಸೇರಿಸಿ ಅರ್ಧಕ್ಕೆ ತಂದಿತ್ತು, ಗರಿಷ್ಠ 15 ಲಕ್ಷ. ಈ ಯೋಜನೆಗಳು ವರ್ಷದ ಲೆಕ್ಕದಲ್ಲಿ ನಡೆಯುತ್ತವೆ. ಹಾಗಾಗಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಯೋಜನಾ ವರದಿ ಬರೆಯಲು ಸಹಾಯ ಮಾಡುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ವಿವರವೂ ಅಲ್ಲೇ ಸಿಗುತ್ತದೆ. ಸಣ್ಣ ಮೊತ್ತ ಸಾಕು ಎಂದಾದರೆ ಮುದ್ರಾ ಸಾಲ ಯೋಜನೆ ಇದೆ. 50,000ದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್. ಇದಕ್ಕೂ ಕಂಪ್ಯೂಟರ್ ಸರ್ಟಿಫಿಕೇಟ್ ಬೇಡ.

ಉದ್ಯಮ್ ನೋಂದಣಿ ಇನ್ನೂ ಮಾಡಿಸಿಲ್ಲ ಅಂದರೆ ಇವತ್ತೇ ಮಾಡಿ. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ಆಧಾರ್ ಮತ್ತು ಪ್ಯಾನ್ ಸಾಕು. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನಿಸುವಂಥ ಖಾಸಗಿ ಸೈಟುಗಳು ಮೇಲೆ ಬರುತ್ತವೆ, ಸಾವಿರ ಎರಡು ಸಾವಿರ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿ.

ಈಗ ಕೋರ್ಸಿನ ವಿಷಯ. ಡಿಸಿಎ, ಪಿಜಿಡಿಸಿಎ ಎಂಬ ಹೆಸರುಗಳನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಒಂದು ಊರಿನ ಡಿಸಿಎಯಲ್ಲಿ ಕಲಿಸಿದ್ದು ಇನ್ನೊಂದು ಊರಿನ ಡಿಸಿಎಯಲ್ಲಿ ಇರುವುದಿಲ್ಲ. ಸರ್ಟಿಫಿಕೇಟಿನ ಮೇಲೆ ಐಎಸ್‌ಒ 9001 ಮುದ್ರೆ ಇರುತ್ತದೆ. ಅದು ಆ ಸಂಸ್ಥೆಯ ಆಡಳಿತ ವ್ಯವಸ್ಥೆಗೆ ಸಿಕ್ಕಿದ್ದು. ಕೋರ್ಸಿಗೂ ಅದಕ್ಕೂ ಸಂಬಂಧವಿಲ್ಲ. 'ಭಾರತ ಸರ್ಕಾರದಲ್ಲಿ ನೋಂದಾಯಿತ' ಎಂದು ಬೋರ್ಡಿನಲ್ಲಿ ಇದ್ದರೆ ಎಷ್ಟೋ ಸಲ ಅದು ಬರೀ ಉದ್ಯಮ್ ನೋಂದಣಿ. ಅದನ್ನು ನಿಮ್ಮ ರೊಟ್ಟಿ ವ್ಯಾಪಾರಕ್ಕೂ ಹತ್ತು ನಿಮಿಷದಲ್ಲಿ ಮಾಡಿಸಬಹುದು, ಅಲ್ವಾ? ನಿಜವಾದ ಮಾನ್ಯತೆ ತಿಳಿಯಬೇಕೆಂದರೆ ಒಂದೇ ಪ್ರಶ್ನೆ ಕೇಳಿ: "ಈ ಕೋರ್ಸ್ ರಾಷ್ಟ್ರೀಯ ಅರ್ಹತೆಗಳ ರಿಜಿಸ್ಟರ್‌ನಲ್ಲಿ ಇದೆಯಾ? ಕೋಡ್ ಎಷ್ಟು, ಲೆವೆಲ್ ಎಷ್ಟು?" ವೃತ್ತಿ ಶಿಕ್ಷಣದ ನಿಯಂತ್ರಣಕ್ಕಿರುವ ಎನ್‌ಸಿವಿಇಟಿ ಒಪ್ಪಿದ ಕೋರ್ಸುಗಳೆಲ್ಲ ಆ ರಿಜಿಸ್ಟರ್‌ನಲ್ಲಿ ಇರುತ್ತವೆ, ಆನ್‌ಲೈನ್‌ನಲ್ಲೇ ಹುಡುಕಬಹುದು. ಉತ್ತರ ಹೇಳಲು ತಡವರಿಸಿದರೆ ಅಲ್ಲಿಗೆ ತಿಳಿಯಿತು.

ಹಾಗಂತ ಖಾಸಗಿ ಸೆಂಟರುಗಳೆಲ್ಲ ದಂಡ ಎನ್ನುತ್ತಿಲ್ಲ. ಟ್ಯಾಲಿಯನ್ನು ಚೆನ್ನಾಗಿ ಕಲಿಸುವವರು ತಾಲ್ಲೂಕು ಊರುಗಳಲ್ಲೂ ಇದ್ದಾರೆ. ಅವರನ್ನು ಗುರುತಿಸಲು ಒಂದು ಸುಲಭದ ಪರೀಕ್ಷೆ ಇದೆ. ಡೆಮೊ ಕ್ಲಾಸಿಗೆ ಕೂರಿಸುತ್ತಾರಲ್ಲ, ಆಗ ಟ್ಯಾಲಿಯಲ್ಲಿ ತಿಂಗಳ 15ನೇ ತಾರೀಖಿಗೆ ಒಂದು ಮಾರಾಟದ ಎಂಟ್ರಿ ಹಾಕಿ ತೋರಿಸಿ ಅನ್ನಿ. ಲೈಸೆನ್ಸ್ ಇಲ್ಲದ ಟ್ಯಾಲಿ ಎಜುಕೇಶನಲ್ ಮೋಡ್‌ನಲ್ಲಿ ನಡೆಯುತ್ತದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖು ಬಿಟ್ಟು ಬೇರೆ ದಿನಾಂಕಕ್ಕೆ ಎಂಟ್ರಿ ಆಗುವುದಿಲ್ಲ. ಗುಂಡಿ ಒತ್ತುವುದು ಕಲಿಯಲು ಅಷ್ಟು ಸಾಕು. ಮನೆಯಲ್ಲಿ ಅಭ್ಯಾಸಕ್ಕೆ ನೀವೂ ಅದನ್ನೇ ಪುಕ್ಕಟೆ ಹಾಕಿಕೊಳ್ಳಬಹುದು. ಆದರೆ ಆರು ತಿಂಗಳು ಬರೀ 1ನೇ ತಾರೀಖಿನ ವ್ಯಾಪಾರ ಬರೆದವರಿಗೆ ಒಂದು ತಿಂಗಳ ಪುಸ್ತಕ ಹೇಗೆ ಬೆಳೆಯುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ವಾರ ಬಿಟ್ಟು ಬರುವ ಉದ್ರಿ ವಸೂಲಿ, ಹತ್ತು ದಿನ ತಡವಾಗಿ ವಾಪಸ್ ಬಂದ ಮಾಲು, ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ಹೊಂದಾಣಿಕೆ ಇವೆಲ್ಲ ತಾರೀಖಿನ ಆಟ. 14,000 ಕೇಳುವವರ ಬಳಿ ಲೈಸೆನ್ಸ್ ಇರಲೇಬೇಕು. ಇನ್ನೊಂದು ಮಾತು: ಟ್ಯಾಲಿ ಕಂಪನಿಯ ಶಿಕ್ಷಣ ವಿಭಾಗ ನಡೆಸುವ ಪರೀಕ್ಷೆಯ ಸರ್ಟಿಫಿಕೇಟ್ ಬೇರೆ, ಸೆಂಟರಿನವರು ತಾವೇ ಅಚ್ಚು ಹಾಕಿ ಕೊಡುವುದು ಬೇರೆ. ಯಾವುದು ಕೊಡುತ್ತೀರಿ ಎಂದು ಮೊದಲೇ ಕೇಳಿ.

ಆದರೂ ನನ್ನ ಅಭಿಪ್ರಾಯದಲ್ಲಿ ನಿಮಗೆ ಮೊದಲು ಬೇಕಾದದ್ದು ಟ್ಯಾಲಿ ಅಲ್ಲ, ಎಕ್ಸೆಲ್. ಟ್ಯಾಲಿ ಆಗಿಹೋದ ವ್ಯವಹಾರವನ್ನು ಅಚ್ಚುಕಟ್ಟಾಗಿ ಬರೆದಿಡುತ್ತದೆ. ಯಾವ ದರಕ್ಕೆ ಮಾರಬೇಕು ಎಂದು ತೀರ್ಮಾನಿಸಲು ಎಕ್ಸೆಲ್ ಬೇಕು. ಒಂದು ಉದಾಹರಣೆ ನೋಡಿ. ಅಂಕಿಗಳು ಸುಮ್ನೆ ಲೆಕ್ಕಕ್ಕೆ ಇಟ್ಟದ್ದು, ನಿಮ್ಮ ದರ ನೀವು ಹಾಕಿಕೊಳ್ಳಿ.

ನೂರು ರೊಟ್ಟಿಗೆ ಜೋಳದ ಹಿಟ್ಟು 220 ರೂಪಾಯಿ. ಬಡಿಯುವವರ ಕೂಲಿ 150. ಉರುವಲು 60. ಪ್ಯಾಕಿಂಗ್ 30. ಬಸ್ ಪಾರ್ಸೆಲ್ಲಿಗೆ 40. ಒಟ್ಟು 500, ಅಂದರೆ ರೊಟ್ಟಿಗೆ 5 ರೂಪಾಯಿ ಖರ್ಚು. 6 ರೂಪಾಯಿಗೆ ಕೊಟ್ಟರೆ ನೂರಕ್ಕೆ 100 ಉಳಿಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೀರಿ. ಈಗ ಎಕ್ಸೆಲ್ ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿ, 'ಒಡೆದದ್ದು' ಅಂತ. ಖಡಕ್ ರೊಟ್ಟಿ ಬಸ್ಸಿನ ಡಿಕ್ಕಿಯಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ಎಂಟು ಚೂರಾದವು ಎಂದುಕೊಳ್ಳಿ. ಅಂಗಡಿಯವರು 92ಕ್ಕೆ ಮಾತ್ರ ದುಡ್ಡು ಕೊಡುತ್ತಾರೆ. ಬಂದದ್ದು 552, ಖರ್ಚು ಅದೇ 500. ಉಳಿದದ್ದು 52. ಎಂಟು ರೊಟ್ಟಿ ಒಡೆದರೆ ಲಾಭ ಹೆಚ್ಚುಕಡಿಮೆ ಅರ್ಧ ಹೋಯಿತು! ರೊಟ್ಟಿಯ ನಿಜವಾದ ಖರ್ಚು 5 ಅಲ್ಲ, 5 ರೂಪಾಯಿ 43 ಪೈಸೆ. ಒಟ್ಟು ಖರ್ಚನ್ನು ನೂರರಿಂದ ಭಾಗಿಸದೆ, ನೂರರಲ್ಲಿ ಒಡೆದದ್ದನ್ನು ಕಳೆದು ಉಳಿದದ್ದರಿಂದ ಭಾಗಿಸಬೇಕು, ಇಷ್ಟೇ ಸೂತ್ರ. ಇದನ್ನು ಹಾಳೆಯಲ್ಲಿ ಒಮ್ಮೆ ಹಾಕಿಟ್ಟರೆ ಜೋಳದ ದರ ಏರಿದ ದಿನ ಒಂದೇ ಅಂಕಿ ಬದಲಿಸಿದರೆ ಸಾಕು. ಸ್ವಲ್ಪ ಗಟ್ಟಿ ಡಬ್ಬಿಗೆ ಹತ್ತು ರೂಪಾಯಿ ಜಾಸ್ತಿ ಹಾಕುವುದು ಲಾಭವೋ ನಷ್ಟವೋ ಎಂಬುದನ್ನೂ ಹಾಳೆಯೇ ಹೇಳುತ್ತದೆ. ಹುಬ್ಬಳ್ಳಿಗೆ ಕಳಿಸಿದ ಮಾಲಿಗೆ ಬೇರೆ ಹಾಳೆ, ಬೆಂಗಳೂರಿಗೆ ಬೇರೆ ಹಾಳೆ ಮಾಡಿ. ಒಡೆಯುವ ಲೆಕ್ಕ ಎರಡೂ ಕಡೆ ಒಂದೇ ಇರುವುದಿಲ್ಲ.

ಇನ್ನೊಂದು ಹಾಳೆ ಉದ್ರಿಗೆ. ಅಂಗಡಿ ಹೆಸರು, ತಾರೀಖು, ಕೊಟ್ಟ ಮಾಲು, ಬಂದ ಹಣ. ಮೊತ್ತವನ್ನು ಅಂಗಡಿವಾರು ಕೂಡಿಸಲು ಸಮ್‌ಇಫ್ ಎಂಬ ಸೂತ್ರ ಇದೆ. ಬೇಸಿಕ್ ಕೋರ್ಸುಗಳಲ್ಲಿ ಇದನ್ನು ಕೊನೆಯ ಪಾಠದಲ್ಲಿ ಹೇಳಿ ಓಡುತ್ತಾರೆ. ನಿಮಗೆ ಅದೇ ಮುಖ್ಯ, ಬಿಡಬೇಡಿ. ಕೇಳಿ ಕಲಿಯಿರಿ. ಇಂಗ್ಲಿಷ್ ಬರದು ಎಂಬ ಅಂಜಿಕೆ ಬೇಡ, ಹಾಳೆಯಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯಬಹುದು. ಆದರೆ 'ನುಡಿ' ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಕಳಿಸಿದಾಗ ಆ ಕಡೆಯವರಿಗೆ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ನಿಮ್ಮ ಅತ್ತೆಯವರ ನೋಟ್‌ಬುಕ್ ಎಸೆಯಬೇಡಿ. ಅದೇ ಕಿರ್ದಿ. ಟ್ಯಾಲಿಯಲ್ಲಿ ಡೇ ಬುಕ್ ಅಂತ ಬರುವುದೂ ಅದೇ, ಲೆಡ್ಜರ್ ಅಂತ ಬರುವುದು ಖತಾವಣಿ. ಯಾವ ಅಂಗಡಿಯವರು ತಡ ಮಾಡುತ್ತಾರೆ, ಯಾವ ತಿಂಗಳು ಬೇಡಿಕೆ ಏರುತ್ತದೆ ಎಂಬುದೆಲ್ಲ ಅವರ ತಲೆಯಲ್ಲಿದೆ. ಒಂದೆರಡು ತಿಂಗಳು ನೋಟ್‌ಬುಕ್ಕೂ ಹಾಳೆಯೂ ಜೊತೆಜೊತೆಗೆ ನಡೆಯಲಿ. ಎರಡೂ ತಾಳೆಯಾದ ಮೇಲೆ ಅತ್ತೆಯವರೇ ನೋಟ್‌ಬುಕ್ ಬಿಡುತ್ತಾರೆ.

ಈಗ ಜಿಎಸ್‌ಟಿ. ನಿಮ್ಮ ಪತ್ರದಲ್ಲಿ ಪುಣೆ ಎಂದು ನೋಡಿದಾಗ ನನಗೆ ಮೊದಲು ತಲೆಗೆ ಬಂದದ್ದು ಇದೇ. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ ಎಂಬುದು ಎಲ್ಲರಿಗೂ ಗೊತ್ತು. ಅದರ ಒಳಗಿನ ಸುಳಿ ಗೊತ್ತಿರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಯ ಮೇಲೆ ತೆರಿಗೆ ಇಲ್ಲ. ಹಪ್ಪಳಕ್ಕೆ ಮೊದಲಿನಿಂದಲೂ ಇಲ್ಲ. ಚಟ್ನಿ ಪುಡಿಗೆ 5 ಪರ್ಸೆಂಟ್ ಇದೆ. ನೀವು ಬರೀ ರೊಟ್ಟಿ, ಹಪ್ಪಳ ಮಾರಿದರೆ ವ್ಯಾಪಾರ ಎಷ್ಟೇ ಆದರೂ ನೋಂದಣಿ ಬೇಕಿಲ್ಲ. ಅದರ ಜೊತೆ ಚಟ್ನಿಯನ್ನೂ ಮಾರಿದಿರೋ, 40 ಲಕ್ಷದ ಲೆಕ್ಕಕ್ಕೆ ರೊಟ್ಟಿಯ ವ್ಯಾಪಾರವೂ ಸೇರುತ್ತದೆ. 38 ಲಕ್ಷದ ರೊಟ್ಟಿ, 3 ಲಕ್ಷದ ಚಟ್ನಿ ಎಂದರೆ ಗಡಿ ದಾಟಿದಿರಿ. ಆಗ ತೆರಿಗೆ ಕಟ್ಟುವುದು ಚಟ್ನಿಗೆ ಮಾತ್ರ, ಆದರೆ ನೋಂದಣಿ, ರಿಟರ್ನ್ ಎಲ್ಲ ಬೇಕು. ಪುಣೆಯದು ಇನ್ನೂ ಬಿಗಿ. ತೆರಿಗೆ ಇರುವ ಸಾಮಾನನ್ನು ಬೇರೆ ರಾಜ್ಯಕ್ಕೆ ಮಾರಿದರೆ 40 ಲಕ್ಷದ ರಿಯಾಯಿತಿ ಅನ್ವಯಿಸುವುದೇ ಇಲ್ಲ, ಮೊದಲ ಡಬ್ಬಿಗೇ ನೋಂದಣಿ ಬೇಕು. ಹಾಗಾಗಿ ಸದ್ಯಕ್ಕೆ ಪುಣೆಗೆ ರೊಟ್ಟಿ, ಹಪ್ಪಳ ಕಳಿಸಿ. ಚಟ್ನಿ ಕಳಿಸುವ ಮೊದಲು ಊರಿನ ತೆರಿಗೆ ಸಲಹೆಗಾರರ ಹತ್ತಿರ ಒಮ್ಮೆ ಕೂತು ಮಾತಾಡಿ.

2025ರ ಜುಲೈ ನೆನಪಿದೆಯಲ್ಲ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿ ಬಿತ್ತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರೂ ಅದರಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಅನೇಕರಿಗೆ ಉತ್ತರ ಕೊಡಲು ಬೇಕಿದ್ದದ್ದು ಒಂದೇ: ಇಷ್ಟು ತೆರಿಗೆ ಇಲ್ಲದ ಮಾಲು, ಇಷ್ಟು ತೆರಿಗೆ ಇರುವ ಮಾಲು, ಇಷ್ಟು ಮನೆಯವರು ಕಳಿಸಿದ ಹಣ ಎಂದು ಬಿಡಿಸಿದ ಲೆಕ್ಕ. ಫೋನಿಗೆ ಬಂದ ದುಡ್ಡೆಲ್ಲ ಒಂದೇ ಖಾತೆಯಲ್ಲಿ ಕಲಸಿಹೋಗಿದ್ದರೆ ಹೇಗೆ ಬಿಡಿಸುವುದು? ಇದಕ್ಕೆ ಕೋರ್ಸೂ ಬೇಕಿಲ್ಲ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ರೊಟ್ಟಿ, ಚಟ್ನಿಯನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಆಮೇಲೆ ಟ್ಯಾಲಿ ಕಲಿಯುವಾಗ ಸ್ಟಾಕ್ ಐಟಂಗಳಿಗೆ ತೆರಿಗೆ ದರ ಹಾಕುವ ಪಾಠ ನಿಮಗೆ ಸಲೀಸಾಗಿ ಅರ್ಥವಾಗುತ್ತದೆ.

ಹಾಗಾದರೆ ಎಲ್ಲಿ ಕಲಿಯುವುದು? ನಿಮಗೆ ನಾನು ಹೇಳುವುದು ಆರ್‌ಸೆಟಿ. ಇದರ ಬೇರು ನಮ್ಮಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟಿ ಕಟ್ಟಿದವು. ಅದೇ ಮಾದರಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆ ಬ್ಯಾಂಕುಗಳ ಮೂಲಕ ದೇಶದ ಜಿಲ್ಲೆಜಿಲ್ಲೆಗೂ ಒಯ್ದಿತು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಗ್ರಾಮೀಣ ಯುವಕ ಯುವತಿಯರಿಗೆ, ಅದರಲ್ಲೂ ಬಿಪಿಎಲ್ ಕುಟುಂಬದವರಿಗೆ ಆದ್ಯತೆ. ಕಂಪ್ಯೂಟರ್ ಅಕೌಂಟಿಂಗ್ ಬ್ಯಾಚ್ ಸುಮಾರು ಒಂದು ತಿಂಗಳು ನಡೆಯುತ್ತದೆ. ಇದರ ವಿಶೇಷ ಏನೆಂದರೆ ಟ್ಯಾಲಿಯ ಜೊತೆಗೆ ಮಾರುಕಟ್ಟೆ ನೋಡುವುದು, ದರ ಇಡುವುದು, ಯೋಜನಾ ವರದಿ ಬರೆಯುವುದು, ಬ್ಯಾಂಕಿನವರ ಜೊತೆ ಮಾತಾಡುವುದು ಎಲ್ಲವೂ ಪಾಠದಲ್ಲೇ ಇರುತ್ತದೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ಅವರೇ ವಿಚಾರಿಸುತ್ತಾರೆ, ಸಾಲದ ಅರ್ಜಿಗೆ ಜೊತೆ ನಿಲ್ಲುತ್ತಾರೆ. ನಡೆಸುವುದೇ ಬ್ಯಾಂಕ್ ಆದ್ದರಿಂದ ಆ ಪತ್ರ ಮ್ಯಾನೇಜರಿಗೆ ಪರಿಚಿತ. ನಿಮ್ಮ ಸಾಲದ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನ್ನ ಬಳಿ ಇಲ್ಲ.

ತೊಂದರೆಯೂ ಇದೆ. ಒಂದು ತಿಂಗಳು ಮನೆ ಬಿಟ್ಟು ಇರಬೇಕಾಗಬಹುದು. ನಿಮಗೆ ಬೇಕಾದ ಬ್ಯಾಚ್ ವರ್ಷವಿಡೀ ಇರುವುದಿಲ್ಲ. ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ ಬ್ಯಾಚುಗಳ ನಡುವೆ ಅದರ ಸರದಿ ಬರಬೇಕು. ಹೋಗಿ ಹೆಸರು ಕೊಟ್ಟು ಬನ್ನಿ, ಬಂದು ಹೋಗಿ ಮಾಡಬಹುದಾ ಎಂದೂ ಕೇಳಿ. ಒಂದು ತಿಂಗಳಲ್ಲಿ ಟ್ಯಾಲಿ ಪೂರ್ತಿ ಕೈಗೆ ಬರುತ್ತದೆ ಎಂದುಕೊಳ್ಳಬೇಡಿ, ಬರುವುದಿಲ್ಲ. ಅಲ್ಲಿಂದ ಬಂದ ಮೇಲೆ ಜಿಎಸ್‌ಟಿ ಮತ್ತು ಬ್ಯಾಂಕ್ ಹೊಂದಾಣಿಕೆಯಷ್ಟನ್ನೇ ಊರಿನ ಒಳ್ಳೆಯ ಸೆಂಟರಿನಲ್ಲಿ ಎರಡು ತಿಂಗಳು ಕಲಿಯಿರಿ. ಬರೀ ಅದಕ್ಕೆ ಎಷ್ಟು ಎಂದು ಕೇಳಿದರೆ 14,000 ತಾನಾಗಿ ಇಳಿಯುತ್ತದೆ. ಪ್ಯಾಕೇಜಿನಲ್ಲಿ ಅವರು ತುಂಬುವ ಪೇಂಟ್, ಪವರ್‌ಪಾಯಿಂಟ್, ಫೋಟೋಶಾಪ್ ನಿಮಗೆ ಬೇಡ. ಲೇಬಲ್ ಡಿಸೈನಿಗೆ ಫೋನಿನಲ್ಲಿ ಕ್ಯಾನ್ವಾ ಸಾಕು.

ನೀಲಿಟ್ ಸಂಸ್ಥೆಯ ಸಿಸಿಸಿ ಎಂಬ ಬೇಸಿಕ್ ಕಂಪ್ಯೂಟರ್ ಕೋರ್ಸ್ ಬಗ್ಗೆಯೂ ಯಾರಾದರೂ ಹೇಳಬಹುದು. 80 ಗಂಟೆಯ ಕೋರ್ಸ್, 90 ನಿಮಿಷದಲ್ಲಿ ನೂರು ಪ್ರಶ್ನೆಯ ಪರೀಕ್ಷೆ. ಕೇಂದ್ರ ಸರ್ಕಾರದ ಸಂಸ್ಥೆಯದು, ಮಾನ್ಯತೆಗೆ ಕೊರತೆಯಿಲ್ಲ. ಆದರೆ ಉತ್ತರ ಪ್ರದೇಶದಂಥ ಕಡೆ ಸರ್ಕಾರಿ ನೌಕರಿಗೆ ಅದನ್ನು ಕೇಳುತ್ತಾರೆ ಎಂಬುದೇ ಅದರ ಹೆಸರಿಗೆ ಕಾರಣ. ರೊಟ್ಟಿ ವ್ಯಾಪಾರಕ್ಕೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಇನ್ನು ಕೋಪಾ. ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್. ಐಟಿಐನಲ್ಲಿ ಒಂದು ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಆಫೀಸ್ ಕೆಲಸ, ಡೇಟಾಬೇಸ್, ನೆಟ್‌ವರ್ಕ್, ವೆಬ್ ಪುಟ, ಸ್ವಲ್ಪ ಪ್ರೋಗ್ರಾಮಿಂಗ್ ಎಲ್ಲ ಇರುತ್ತದೆ. ಒಳ್ಳೆಯ ಕೋರ್ಸ್. ಆದರೆ ಬಿ.ಎ. ಮುಗಿಸಿ ವ್ಯಾಪಾರ ನಡೆಸುತ್ತಿರುವ ನೀವು ಒಂದು ವರ್ಷ ದಿನವಿಡೀ ಕ್ಲಾಸಿನಲ್ಲಿ ಕೂತರೆ ಉದ್ರಿ ವಸೂಲಿ ಯಾರು ಮಾಡುತ್ತಾರೆ? ಹಾಜರಾತಿಯೂ ಕಟ್ಟುನಿಟ್ಟು, 80 ಪರ್ಸೆಂಟ್ ಬೇಕು.

ಮೈದುನನಿಗೆ ಇದೇ ಸರಿಯಾದ ದಾರಿ. ಅವನಿಗೆ ನಾಳೆ ನೌಕರಿ ಬೇಕಾಗಬಹುದು, ಆಗ ಸರ್ಟಿಫಿಕೇಟಿನ ತೂಕ ಲೆಕ್ಕಕ್ಕೆ ಬರುತ್ತದೆ. ಪಾಸಾದರೆ ಸಿಗುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೇಶದ ಎಲ್ಲ ಕಡೆ ನಡೆಯುತ್ತದೆ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಕೋಪಾ ಆದವರನ್ನು ಅಪ್ರೆಂಟಿಸ್ ಆಗಿ ಕರೆಯುತ್ತವೆ, ತಿಂಗಳಿಗೆ ಸ್ಟೈಪೆಂಡ್ ಕೊಡುತ್ತವೆ. ಐಟಿಐ ಸೇರಿಸುವ ಮೊದಲು ಒಮ್ಮೆ ಹೋಗಿ ಲ್ಯಾಬ್ ನೋಡಿ: ಎಷ್ಟು ಕಂಪ್ಯೂಟರ್ ನಿಜವಾಗಿ ಆನ್ ಆಗುತ್ತವೆ, ಕರೆಂಟ್ ಹೋದರೆ ಯುಪಿಎಸ್ ಇದೆಯಾ, ಕೋಪಾಕ್ಕೆ ಮೇಷ್ಟ್ರು ಇದ್ದಾರಾ ಅಥವಾ ಬೇರೆ ಟ್ರೇಡಿನವರು ನೋಡಿಕೊಳ್ಳುತ್ತಿದ್ದಾರಾ. ಹಳೆಯ ವಿದ್ಯಾರ್ಥಿ ಒಬ್ಬನನ್ನು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರೆ ಎಲ್ಲ ಹೇಳುತ್ತಾನೆ. ಸಾಧ್ಯವಾದರೆ ಸರ್ಕಾರಿ ಐಟಿಐ ಹಿಡಿಯಿರಿ, ಶುಲ್ಕ ಕಡಿಮೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಆನ್‌ಲೈನ್ ಅರ್ಜಿ ಕರೆಯುತ್ತದೆ. ಈ ಸಲದ ತಾರೀಖು ಹತ್ತಿರದ ಐಟಿಐ ಬೋರ್ಡಿನಲ್ಲಿ ಹಾಕಿರುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ಅಂಕಪಟ್ಟಿಯಲ್ಲಿ ಇರುವ ಹೆಸರು, ಆಧಾರ್‌ನಲ್ಲಿ ಇರುವ ಹೆಸರು ಒಂದೇ ಇದೆಯಾ ಎಂದೂ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಅರ್ಜಿ ಹಾಕುವ ಮೊದಲೇ ಸರಿ ಮಾಡಿಸಿ.